ಒಂದಕ್ಕೆ ಅವಸರ ಬೇಡ, ಎರಡಕ್ಕೆ ತಡ ಬೇಡ



ಈ ದತ್ತಿ ಉಪನ್ಯಾಸದ ವಿಷಯ ತಿಳಿಸಿದ ಮೇಲೆ, ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವವರು ನನಗೆ ಎರಡು ಸಲ ಫೋನು ಮಾಡಿದರು. ಮೊದಲ ಸಲ, ‘ಮೇಡಂ, ಆರೋಗ್ಯವೇ ಭಾಗ್ಯ ಅಂತ ಹಾಕಿಬಿಡೋಣವಾ?’ ಎಂದರು. ಎರಡನೆಯ ಸಲ, ‘ಜೀರ್ಣಾಂಗ ಮತ್ತು ಇತರ ಅಂಗಗಳು ಅಂದರೆ ನಡೆಯುತ್ತಾ?’ ಎಂದರು. ಇತರ ಅಂಗಗಳು ಎಂದರೆ ಜನ ಇನ್ನೇನನ್ನೋ ಊಹಿಸಿಕೊಂಡಾರು ಎಂದೆ. ಕೊನೆಗೆ ನಾನು ಹೇಳಿದ್ದೇ ಅಚ್ಚಾಯಿತು. ಅದಕ್ಕೆ ಈ ದತ್ತಿಯನ್ನಿಟ್ಟ ಮೇಷ್ಟರ ಮಗಳಿಗೆ ನಾನು ಋಣಿ. ತಂದೆಯ ಕೊನೆಯ ಎರಡು ವರ್ಷ ಅವರನ್ನು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ ನಡೆಸಿದವರು ಆಕೆ. ‘ಇದನ್ನೇ ಮಾತಾಡಿ ಡಾಕ್ಟ್ರೆ, ಯಾರೂ ಮಾತಾಡಲ್ಲ’ ಎಂದರು.

ಯಾರೂ ಮಾತಾಡುವುದಿಲ್ಲ ನಿಜ. ನಮ್ಮ ಭಾಷೆಯನ್ನೇ ನೋಡಿ. ಶಾಲೆಯಲ್ಲಿ ಕಿರುಬೆರಳು ಎತ್ತಿದರೆ ಒಂದಕ್ಕೆ, ಎರಡು ಬೆರಳು ಎತ್ತಿದರೆ ಎರಡಕ್ಕೆ. ಊರಿನಲ್ಲಿ ‘ಹೊರಕಡೆ ಹೋಗಿಬರ್ತೀನಿ’, ‘ಕೆರೆ ಕಡೆ ಹೋಗವ್ರೆ’. ಓದಿಕೊಂಡವರಿಗೆ ಬಹಿರ್ದೆಸೆ. ಪಾಯಖಾನೆ ಪಾರಸಿಯಿಂದ ಬಂದ ಮಾತು, ಅದೂ ಜಾಗದ ಹೆಸರೇ. ಕೆಲಸಕ್ಕೆ ಹೆಸರಿಡಲು ಹೋದಾಗ ಹುಟ್ಟಿದ್ದು ಜಲಬಾಧೆ, ಮಲಬಾಧೆ. ಹಸಿವೆಯನ್ನು ನಾವು ಅನ್ನಬಾಧೆ ಎನ್ನುವುದಿಲ್ಲ, ನಿದ್ದೆಯನ್ನು ನಿದ್ರಾಬಾಧೆ ಎನ್ನುವುದಿಲ್ಲ. ಇದೊಂದು ಮಾತ್ರ ಬಾಧೆ, ಹೇಗಾದರೂ ‘ತೀರಿಸಿಕೊಳ್ಳಬೇಕಾದ’ ಸಾಲ.

ಮೂವತ್ತು ವರ್ಷ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೂತು ನನಗೆ ಕಂಡದ್ದು ಇಷ್ಟು. ದೇಹ ಎರಡು ಬಗೆಯಲ್ಲಿ ಕರೆಯುತ್ತದೆ. ಎರಡೂ ಕರೆಗಳ ಸ್ವಭಾವ ಬೇರೆ. ಮೂತ್ರದ ಕರೆ ಮರಳಿ ಮರಳಿ ಬರುವ ನೆಂಟ; ಸ್ವಲ್ಪ ಹೊತ್ತು ಪಡಸಾಲೆಯಲ್ಲಿ ಕೂರಿಸಬಹುದು. ಮಲದ ಕರೆ ಹಾಗಲ್ಲ, ಬಾಗಿಲು ತೆರೆಯದಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತದೆ. ನಾವು ಮಾಡುವುದು ಇದರ ತದ್ವಿರುದ್ಧ. ಕರೆಯದಿದ್ದರೂ ಒಂದಕ್ಕೆ ಹೋಗುತ್ತೇವೆ, ಕರೆದರೂ ಎರಡಕ್ಕೆ ಹೋಗುವುದಿಲ್ಲ.

ಮೊದಲು ಒಂದರ ಮಾತು. ಮೂತ್ರಕೋಶವೆಂದರೆ ಹಿಗ್ಗುವ ಸ್ನಾಯುವಿನ ಚೀಲ. ದೊಡ್ಡವರಲ್ಲಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ, ಅಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. 150–200 ತುಂಬುತ್ತಿದ್ದಂತೆಯೇ ಮೆದುಳಿಗೆ ಮೊದಲ ಸುದ್ದಿ ಹೋಗುತ್ತದೆ. ಅದು ಬರಿಯ ಸುದ್ದಿ, ಅಪ್ಪಣೆಯಲ್ಲ. ಹಗಲಿನಲ್ಲಿ ಆರರಿಂದ ಎಂಟು ಸಲ, ರಾತ್ರಿ ಒಂದು ಸಲ ಅಥವಾ ಇಲ್ಲವೇ ಇಲ್ಲ ಎಂಬುದು ಸಾಮಾನ್ಯ ಲೆಕ್ಕ.

ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿ. ಮಗು ಸ್ಕೂಲಿಗೆ ಹೊರಟರೆ ‘ಒಂದ್ಸಲ ಹೋಗಿ ಬಾ’. ಮಾರ್ಕೆಟ್ಟಿಗೆ ಹೊರಟರೆ ‘ಯಾವುದಕ್ಕೂ ಇರಲಿ, ಹೋಗಿಬರ್ತೀನಿ’. ಮಲಗುವ ಮುಂಚೆ ಒಂದು, ದೀಪ ಆರಿಸಿದ ಮೇಲೆ ಇನ್ನೊಂದು. ದೂರದ ಬಸ್ಸು ಹತ್ತುವಾಗ ಹೋಗಿಬರುವುದು ವಿವೇಕ. ದಿನವೂ, ಗಂಟೆಗೊಮ್ಮೆ, ನೂರು ಮಿಲಿಲೀಟರಿಗೆಲ್ಲ ಹೋಗುತ್ತಾ ಬಂದರೆ ಮೂತ್ರಕೋಶ ಅಷ್ಟಕ್ಕೇ ಒಗ್ಗಿಕೊಳ್ಳುತ್ತದೆ. ಆಮೇಲೆ ಅದು ಸುದ್ದಿ ಕಳಿಸುವುದಿಲ್ಲ, ಅಪ್ಪಣೆಯನ್ನೇ ಕಳಿಸುತ್ತದೆ. ಮನೆ ಬೀಗಕ್ಕೆ ಕೀಲಿಕೈ ಹಾಕುವಷ್ಟರಲ್ಲಿ, ನಲ್ಲಿಯ ನೀರಿನ ಸದ್ದು ಕೇಳುವಷ್ಟರಲ್ಲಿ ತಡೆಯಲಾಗದ ಸ್ಥಿತಿ. ಮದುವೆ ಮನೆಗೆ ಹೋದರೆ ಮೊದಲು ಬಚ್ಚಲು ಎಲ್ಲಿದೆ ಎಂದು ವಿಚಾರಿಸುವ ಹೆಂಗಸರು ನನಗೆ ನೂರಾರು ಗೊತ್ತು.

ಹೀಗೆ ಕೆಟ್ಟ ಅಭ್ಯಾಸವನ್ನು ತಿದ್ದಬಹುದು. ಮೊದಲು ಸಕ್ಕರೆ ಕಾಯಿಲೆ ಇಲ್ಲ, ಸೋಂಕು ಇಲ್ಲ ಎಂದು ಪರೀಕ್ಷೆ ಮಾಡಿಸಿಕೊಳ್ಳಿ. ಆಮೇಲೆ ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಹೋದ ಹೊತ್ತು ಬರೆದಿಡಿ. ಗಂಟೆಗೊಮ್ಮೆ ಹೋಗುತ್ತಿದ್ದೀರಿ ಎನ್ನಿ. ಕರೆ ಬಂದೊಡನೆ ಓಡಬೇಡಿ. ಇದ್ದಲ್ಲೇ ಕೂತು, ಕೆಳಗಿನ ಸ್ನಾಯು ಬಿಗಿಹಿಡಿದು, ಮಗ್ಗಿ ಹೇಳಿಕೊಳ್ಳಿ. ಹದಿನೇಳರ ಮಗ್ಗಿಯಾದರೆ ಇನ್ನೂ ಒಳ್ಳೆಯದು, ಮನಸ್ಸು ಪೂರ್ತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕರೆ ಅಲೆಯಂತೆ ಎದ್ದು ಇಳಿಯುತ್ತದೆ. ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಿ. ಒಂದು ವಾರ ಗಂಟೆಯ ಮೇಲೆ ಹದಿನೈದು ನಿಮಿಷ, ಮುಂದಿನ ವಾರ ಮತ್ತೆ ಹದಿನೈದು. ಎರಡು ಮೂರು ತಿಂಗಳಲ್ಲಿ ಎರಡೂವರೆ, ಮೂರು ಗಂಟೆಗೆ ಬಂದವರಿದ್ದಾರೆ. ಮಾತ್ರೆ ಬರೆದುಕೊಡದ ಡಾಕ್ಟರನ್ನು ಜನ ನಂಬುವುದಿಲ್ಲ, ಅದೊಂದೇ ಇದರ ತೊಂದರೆ.

ಅವಸರ ಬೇಡ ಎಂದೆನೆಂದು ದಿನವಿಡೀ ಹಿಡಿದುಕೊಂಡಿರಬೇಡಿ. 1601ರ ಅಕ್ಟೋಬರಿನಲ್ಲಿ ಪ್ರಾಗ್ ನಗರದ ಒಂದು ಔತಣದಲ್ಲಿ ಖಗೋಳ ವಿಜ್ಞಾನಿ ಟೈಕೊ ಬ್ರಾಹೆ ಹಾಗೆ ಕೂತಿದ್ದ. ಊಟದ ನಡುವೆ ಎದ್ದರೆ ಅಮರ್ಯಾದೆ ಎಂದು ತಡೆದುಕೊಂಡನಂತೆ. ಮನೆಗೆ ಬಂದ ಮೇಲೆ ಮೂತ್ರವೇ ಕಟ್ಟಿಹೋಯಿತು, ಹನ್ನೊಂದು ದಿನದಲ್ಲಿ ತೀರಿಕೊಂಡ. ಇದನ್ನು ಬರೆದಿಟ್ಟವನು ಅವನ ಸಹಾಯಕನಾಗಿದ್ದ ಕೆಪ್ಲರ್. ಯಾರೋ ಪಾದರಸ ಹಾಕಿ ಕೊಂದರೆಂಬ ಗುಮಾನಿಯಿಂದ 2010ರಲ್ಲಿ ಗೋರಿ ತೆರೆದು ಪರೀಕ್ಷಿಸಿದರು. ಕೊಲ್ಲುವಷ್ಟು ಪಾದರಸ ಸಿಗಲಿಲ್ಲ. ಒಂದು ಸಂಜೆ ತಡೆದುಕೊಂಡದ್ದಕ್ಕೆ ಆರೋಗ್ಯವಂತ ಸಾಯುವುದಿಲ್ಲ. ಅವನಿಗೆ ಮೊದಲೇ ಒಳಗೆ ಏನೋ ಅಡ್ಡಿ ಇದ್ದಿರಬೇಕು ಎಂಬುದು ನನ್ನಂಥವರ ಊಹೆ. ಆದರೂ ಆಕಾಶದ ನಕ್ಷತ್ರಗಳನ್ನು ಅಷ್ಟು ಕರಾರುವಾಕ್ಕಾಗಿ ಅಳೆದವನು ಪಂಕ್ತಿಯಿಂದ ಏಳಲು ನಾಚಿದ ಎಂಬುದು ನನ್ನನ್ನು ಕಾಡುತ್ತದೆ.

ನಮ್ಮಲ್ಲಿ ಹಾಗೆ ನಾಚುವವರು ಹೆಚ್ಚಾಗಿ ಹೆಂಗಸರು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಆರಕ್ಕೆ ಮನೆಯ ಬಚ್ಚಲನ್ನೇ ಕಾಣುವ ಶಿಕ್ಷಕಿಯರು, ಬಟ್ಟೆ ಅಂಗಡಿಯ ಹುಡುಗಿಯರು, ಬಂದೋಬಸ್ತಿನ ಪೊಲೀಸ್ ಪೇದೆಯರು. ಅವರು ಕಂಡುಕೊಂಡ ಉಪಾಯ ನೀರನ್ನೇ ಕುಡಿಯದಿರುವುದು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ವರ್ಷದಲ್ಲಿ ನಾಲ್ಕನೆಯ ಸಲ ಉರಿಮೂತ್ರವೆಂದು ಬಂದಳು. ನೀರಿನ ಬಾಟಲಿ ತೋರಿಸು ಎಂದೆ. ಮಧ್ಯಾಹ್ನ ಮೂರು ಗಂಟೆ, ಬಾಟಲಿ ತುಂಬಿತ್ತು. ‘ಸ್ಕೂಲಲ್ಲಿ ಬಾಗ್ಲು ಇಲ್ಲ ಆಂಟಿ’ ಎಂದಳು. ಅವಳಿಗೆ ನಾನು ಬರೆದುಕೊಟ್ಟ ಆಂಟಿಬಯಾಟಿಕ್ಕಿಗಿಂತ ಒಂದು ಬಾಗಿಲು, ಒಂದು ಚಿಲಕ ಹೆಚ್ಚು ಕೆಲಸ ಮಾಡುತ್ತಿತ್ತು. ಕೇರಳದ ಕೋಳಿಕ್ಕೋಡಿನ ಅಂಗಡಿ ಹೆಂಗಸರು ಇದನ್ನು ನಮಗಿಂತ ಮೊದಲೇ ಅರ್ಥಮಾಡಿಕೊಂಡರು. ಮೂತ್ರಾಲಯ ಬೇಕೆಂದು ಶುರುವಾದ ಅವರ ಹೋರಾಟ, ಕೆಲಸದ ವೇಳೆ ಕೂರುವ ಹಕ್ಕಿನವರೆಗೆ ಬೆಳೆದು, 2018ರಲ್ಲಿ ಅಲ್ಲಿನ ಅಂಗಡಿ ಕಾಯ್ದೆಯನ್ನೇ ತಿದ್ದಿಸಿತು.

ಹೆಣ್ಣಿನ ಮೂತ್ರನಾಳ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ ಅಷ್ಟೆ. ಕರುಳಿನಲ್ಲಿ ಸಭ್ಯವಾಗಿ ಬದುಕುವ ಇ-ಕೋಲೈ ಬ್ಯಾಕ್ಟೀರಿಯಾ ಅಲ್ಲಿಂದ ಇಲ್ಲಿಗೆ ದಾಟಲು ಅದು ದೂರವೇನಲ್ಲ. ತೊಳೆಯುವಾಗ, ಒರೆಸುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು. ಹೆಣ್ಣುಮಕ್ಕಳಿಗೆ ಇದನ್ನು ಚಿಕ್ಕಂದಿನಲ್ಲೇ ಕಲಿಸಿ. ನೀರು ಕುಡಿದು, ಹೊತ್ತಿಗೆ ಸರಿಯಾಗಿ ಖಾಲಿ ಮಾಡುತ್ತಿದ್ದರೆ ದಾಟಿ ಬಂದವು ಕೊಚ್ಚಿಹೋಗುತ್ತವೆ. ಗಲೀಜು ಕಮೋಡಿನ ಮೇಲೆ ತಾಗದಂತೆ ಅರೆಬಗ್ಗಿ ನಿಂತು ಮೂತ್ರ ಮಾಡುವ ಅಭ್ಯಾಸ ಎಷ್ಟೋ ಜನಕ್ಕಿದೆ. ಹಾಗೆ ನಿಂತಾಗ ತೊಡೆ, ಸೊಂಟ, ಕೆಳಹೊಟ್ಟೆಯ ಸ್ನಾಯುಗಳೆಲ್ಲ ಬಿಗಿಯಾಗಿಯೇ ಇರುತ್ತವೆ, ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಸೀಟನ್ನು ಒರೆಸಿ ಕೂತುಬಿಡಿ. ತೊಡೆಯ ಚರ್ಮದಿಂದ ಯಾರಿಗೂ ಉರಿಮೂತ್ರ ಬಂದದ್ದಿಲ್ಲ.

ಉರಿಯ ಮಾತು ಬಂದರೆ ‘ಉಷ್ಣ ಆಗಿದೆ’ ಎಂಬ ನಮ್ಮ ತೀರ್ಪು ಬರಲೇಬೇಕು. ಬಾರ್ಲಿ ನೀರು, ಎಳನೀರು, ಬೂದುಗುಂಬಳದ ರಸ ಎಲ್ಲವೂ ಆಗುತ್ತದೆ. ನಾನು ನಗುವುದಿಲ್ಲ. ಕುಡಿದದ್ದು ಕಡಿಮೆಯಾಗಿ ಮೂತ್ರ ಗಟ್ಟಿಯಾದಾಗ ಉರಿಯುವುದುಂಟು. ಆಗ ಇವೆಲ್ಲ ಒಳಗೆ ನೀರು ಕಳಿಸುವ ಮರ್ಯಾದೆಯ ದಾರಿಗಳು. ಮೂತ್ರದ ಬಣ್ಣ ತಿಳಿ ಒಣಹುಲ್ಲಿನ ಬಣ್ಣಕ್ಕೆ ಬರುವಷ್ಟು ಕುಡಿದರೆ ಸಾಕು. ಸಾಮಾನ್ಯ ದಿನಕ್ಕೆ ಸುಮಾರು ಎರಡು ಲೀಟರ್, ರಾಯಚೂರಿನ ಮೇ ತಿಂಗಳಿಗೆ ಅದಕ್ಕಿಂತ ಹೆಚ್ಚು. ಹೃದಯದ, ಮೂತ್ರಪಿಂಡದ ತೊಂದರೆ ಇರುವವರಿಗೆ ಅವರ ಡಾಕ್ಟರು ಹೇಳಿದಷ್ಟು. ಆದರೆ ಉರಿಯ ಜೊತೆಗೆ ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು ಇದ್ದರೆ ಅದು ಉಷ್ಣವಲ್ಲ, ಎಳನೀರಿಗೆ ಬಗ್ಗುವುದೂ ಇಲ್ಲ.

ಇನ್ನು ಎರಡರ ಮಾತು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಎಲ್ಲರೂ ಹಾಗೇ ತಾನೆ.

ಆಯುರ್ವೇದದವರು ಇದನ್ನು ಬಹಳ ಹಿಂದೆಯೇ ಅಧ್ಯಾಯ ಕಟ್ಟಿ ಬರೆದಿದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ತಡೆಯಬಾರದ ಹದಿಮೂರು ವೇಗಗಳ, ಅಂದರೆ ದೇಹದ ಕರೆಗಳ, ಪಟ್ಟಿ ಕೊಡುತ್ತದೆ; ಮೂತ್ರ, ಮಲ ಪಟ್ಟಿಯ ತಲೆಯಲ್ಲೇ ಇವೆ. ನನಗೆ ಹಿಡಿಸಿದ್ದು ಅದರ ಮುಂದಿನ ಮಾತು. ತಡೆಯಬೇಕಾದ ವೇಗಗಳೂ ಇವೆ ಎನ್ನುತ್ತಾನೆ ಚರಕ: ಲೋಭ, ಕ್ರೋಧ, ಭಯ, ಅಸೂಯೆ ಇತ್ಯಾದಿ. ನಮ್ಮ ಆಫೀಸುಗಳಲ್ಲಿ ಯಾವುದನ್ನು ತಡೆಯುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದನ್ನು ನೀವೇ ನೋಡಿಕೊಳ್ಳಿ.

ಹೊಟ್ಟೆಗೆ ಏನಾದರೂ ಬಿದ್ದೊಡನೆ ದೊಡ್ಡ ಕರುಳು ಎಚ್ಚರವಾಗಿ ಸರಕನ್ನು ಮುಂದಕ್ಕೆ ತಳ್ಳುತ್ತದೆ. ಬೆಳಗ್ಗೆ ಎದ್ದ ಮೇಲೆ ಇದು ಜೋರು. ‘ಕಾಫಿ ಕುಡೀದೆ ಆಗಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಾಫಿ ನಿಜವಾಗಿಯೂ ದೊಡ್ಡ ಕರುಳನ್ನು ಕದಲಿಸುತ್ತದೆ. ಸರಕು ಗುದನಾಳಕ್ಕೆ ಇಳಿದಾಗ ಕರೆ ಬರುತ್ತದೆ. ಆಗ ಸ್ಕೂಲ್ ವ್ಯಾನು, ಕ್ಯಾಬು, ಒಂಬತ್ತರ ಮೀಟಿಂಗು ಎಂದು ತಡೆದರೆ ಕರೆ ಕ್ಷೀಣವಾಗುತ್ತದೆ. ಕರುಳಿನ ಕೆಲಸವೇ ನೀರು ಹೀರುವುದು. ನಿಂತಲ್ಲೇ ನಿಂತದ್ದರಿಂದ ಅದು ಹೀರುತ್ತಲೇ ಹೋಗುತ್ತದೆ. ಸಂಜೆ ಬಿಡುವಾಗಿ ಹೋಗಿ ಕೂತಾಗ ಕರೆಯೂ ಇಲ್ಲ, ಮೆತುವೂ ಇಲ್ಲ. ತಿಣುಕಾಟ, ಬಿರುಕು, ರಕ್ತ, ಮೂಲವ್ಯಾಧಿ. ಇಂಥವರಿಗೆ ನಾನು ಹೇಳುವುದು ಒಂದೇ: ಅರ್ಧ ಗಂಟೆ ಮುಂಚೆ ಏಳಿ.

ದಿನಕ್ಕೊಮ್ಮೆ ಆಗಲೇಬೇಕೆಂದು ಹಟ ಬೇಡ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ಸಲೀಸಾಗಿ ಆಗುತ್ತಿದ್ದರೆ, ಎಲ್ಲವೂ ಸರಿಯೇ. ಎಣಿಕೆಗಿಂತ ರೂಪ ಮುಖ್ಯ. 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಇಬ್ಬರು ವೈದ್ಯರು ಏಳು ಚಿತ್ರಗಳ ಪಟ್ಟಿ ಮಾಡಿದರು. ಆಡಿನ ಹಿಕ್ಕೆಯಂತಿದ್ದರೆ ಒಂದು, ಬರೀ ನೀರಾದರೆ ಏಳು. ಮೂರು, ನಾಲ್ಕು ಒಳ್ಳೆಯ ಅಂಕ. ಅದನ್ನು ನನ್ನ ಕೊಠಡಿಯ ಗೋಡೆಗೆ ಅಂಟಿಸಿದ್ದೆ. ರೋಗಿಗಳು ಬಾಯಿ ಬಿಡಲು ನಾಚುತ್ತಿದ್ದದ್ದನ್ನು ಬೆರಳಲ್ಲಿ ತೋರಿಸುತ್ತಿದ್ದರು. ಮೇಲಿನ ಅಧಿಕಾರಿಯೊಬ್ಬರು ಪರಿಶೀಲನೆಗೆ ಬಂದವರು ತೆಗೆಸಿದರು. ಅವರು ಹೋದ ಮೇಲೆ ಮತ್ತೆ ಅಂಟಿಸಿದೆ.

ಮಲ ಮೆತ್ತಗಿರಲು ಊಟದಲ್ಲಿ ನಾರು ಬೇಕು. ಆ ನಾರಿನ ಕಥೆಗೆ ಬಂದರೆ ಡೆನಿಸ್ ಬರ್ಕಿಟ್ಟನ ಹೆಸರು ಹೇಳದಿರಲಾಗದು. ಐರ್ಲೆಂಡಿನವನು, ಉಗಾಂಡದಲ್ಲಿ ಶಸ್ತ್ರವೈದ್ಯನಾಗಿದ್ದ. ಮಕ್ಕಳ ದವಡೆಯ ಒಂದು ಕ್ಯಾನ್ಸರ್ ಇಂದಿಗೂ ಅವನ ಹೆಸರಿನಲ್ಲಿದೆ. ತನ್ನ ದೇಶದಲ್ಲಿ ದಿನವೂ ಕಾಣುವ ಮಲಬದ್ಧತೆ, ಮೂಲವ್ಯಾಧಿ, ಕರುಳಿನ ಕಾಯಿಲೆಗಳು ಆಫ್ರಿಕದ ಹಳ್ಳಿಗರಲ್ಲಿ ಯಾಕೆ ಇಷ್ಟು ಕಡಿಮೆ ಎಂಬ ಪ್ರಶ್ನೆ ಅವನನ್ನು ಹಿಡಿಯಿತು. ಅವನೂ ಸಂಗಡಿಗರೂ ಜನರ ಮಲವನ್ನು ತೂಗಿದರು, ನುಂಗಿದ್ದು ಹೊರಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು, 1972ರಲ್ಲಿ ಪ್ರಕಟಿಸಿದರು. ಉಗಾಂಡದ ಹಳ್ಳಿಗರದು ಬ್ರಿಟನ್ನಿನವರ ತೂಕಕ್ಕಿಂತ ಸುಮಾರು ನಾಲ್ಕು ಪಟ್ಟು. ಹಳ್ಳಿಗರಿಗೆ ಒಂದೂವರೆ ದಿನ ಸಾಕಾದರೆ, ಬ್ರಿಟನ್ನಿನವರಿಗೆ ಮೂರು ದಿನವೂ ಸಾಲದು. ಕಾರಣ ಊಟದಲ್ಲಿನ ನಾರು ಎಂದರು. ಅವನು ನಾರಿಗೆ ಕಟ್ಟಿದ ಎಲ್ಲ ಕಿರೀಟಗಳೂ ಮುಂದೆ ಉಳಿಯಲಿಲ್ಲ. ಮಲಬದ್ಧತೆಯ ಮಟ್ಟಿಗೆ ಹೇಳಿದ್ದು ಮಾತ್ರ ಅಲುಗಲಿಲ್ಲ.

ಉಗಾಂಡಕ್ಕೆ ಹೋಗಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 11 ಗ್ರಾಂ ನಾರು, ಜೋಳಕ್ಕೆ 10, ಪಾಲಿಶ್ ಅಕ್ಕಿಗೆ 3ಕ್ಕೂ ಕಡಿಮೆ. ದಿನಕ್ಕೆ ನಮಗೆ ಬೇಕಾದದ್ದು 30 ಗ್ರಾಂನ ಆಸುಪಾಸು. ಒಂದು ಹೊತ್ತು ಮುದ್ದೆಗೆ ಬಸ್ಸಾರು, ಅಥವಾ ಜೋಳದ ರೊಟ್ಟಿಗೆ ಮಡಕೆ ಕಾಳಿನ ಪಲ್ಯ, ಜೊತೆಗೊಂದು ಸೀಬೆಹಣ್ಣು ಎಂದರೆ ಹೆಚ್ಚುಪಾಲು ಅಲ್ಲೇ ಮುಗಿಯಿತು. ಮೂರು ಹೊತ್ತೂ ಬಿಳಿ ಅಕ್ಕಿಯ ಇಡ್ಲಿ, ಚಿತ್ರಾನ್ನ, ಅನ್ನ ತಿಳಿಸಾರು ತಿಂದು ‘ಹೊಟ್ಟೆ ಕ್ಲೀನ್ ಆಗ್ತಿಲ್ಲ’ ಎಂದು ಪುಡಿಯ ಡಬ್ಬಿಗೆ ದುಡ್ಡು ಹಾಕುವುದು ನಮ್ಮ ಹೊಸ ಸಂಪ್ರದಾಯ. ಆ ಪುಡಿಗಳಲ್ಲಿ ಎಷ್ಟೋ ಸಲ ಇರುವುದು ಸೋನಾಮುಖಿ; ಅದು ಕರುಳನ್ನು ಚಾಟಿಯಿಂದ ಓಡಿಸುವ ಮದ್ದು, ದಿನನಿತ್ಯದ ಊಟವಲ್ಲ. ತಿಂಗಳಿಗೊಮ್ಮೆ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದ ಅಜ್ಜಿಯರ ಕಾಲವನ್ನೂ ನಾನು ಹೊಗಳಲಾರೆ. ನಾನು ಕುಡಿದವಳು. ನಾರನ್ನು ಹೆಚ್ಚಿಸುವಾಗ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಇಲ್ಲವಾದರೆ ಹೊಟ್ಟೆಯುಬ್ಬರ ಬಂದು ನನ್ನನ್ನು ಬೈಯುತ್ತೀರಿ. ಇಸಬ್ಗೋಲ್ ತೆಗೆದುಕೊಂಡರೆ ತುಂಬಿದ ಲೋಟ ನೀರಿನ ಜೊತೆ; ಒಣಗಿಯೇ ನುಂಗಿದರೆ ಅದೇ ಅಡ್ಡಗಟ್ಟೆಯಾಗುತ್ತದೆ.

ಕೂರುವ ಭಂಗಿಯೂ ಮುಖ್ಯ. ಕುಕ್ಕರಗಾಲಲ್ಲಿ ಕೂತಾಗ ಗುದನಾಳವನ್ನು ಕುಣಿಕೆ ಹಾಕಿದಂತೆ ಎಳೆದುಹಿಡಿದ ಸ್ನಾಯು ಸಡಿಲವಾಗಿ ದಾರಿ ನೆಟ್ಟಗಾಗುತ್ತದೆ. ಇಸ್ರೇಲಿನ ವೈದ್ಯನೊಬ್ಬ 28 ಜನರನ್ನಿಟ್ಟುಕೊಂಡು 2003ರಲ್ಲಿ ಗಡಿಯಾರ ಹಿಡಿದು ನೋಡಿದ: ಕುಕ್ಕರಗಾಲಲ್ಲಿ ಸರಾಸರಿ 51 ಸೆಕೆಂಡು, ಎತ್ತರದ ಕಮೋಡಿನಲ್ಲಿ 130. ಮಂಡಿನೋವಿನವರಿಗೆ ಕಮೋಡು ಬೇಕೇ ಬೇಕು, ಬೇಡವೆನ್ನಲಾರೆ. ಊಟದ ಮಣೆಯೊಂದು ಅಟ್ಟದ ಮೇಲೆ ಸುಮ್ಮನೆ ಬಿದ್ದಿರುತ್ತದಲ್ಲ, ಅಂಥದ್ದನ್ನು, ಇನ್ನೂ ಸ್ವಲ್ಪ ಎತ್ತರದ್ದಾದರೆ ಒಳ್ಳೆಯದು, ಕಾಲ ಕೆಳಗಿಟ್ಟುಕೊಂಡು ಮುಂದಕ್ಕೆ ಬಾಗಿ. ಅದು ಊಟಕ್ಕೆ ಕೂರುತ್ತಿದ್ದ ಮಣೆಯೆಂದು ಅಜ್ಜಿಗೆ ಮಾತ್ರ ನೆನಪಿಸಬೇಡಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ. ನಮ್ಮಪ್ಪ ಪೇಪರ್ ತೆಗೆದುಕೊಂಡು ಹೋಗುತ್ತಿದ್ದರು, ಪೇಪರಿಗೆ ಕೊನೆಯ ಪುಟವಾದರೂ ಇತ್ತು. ಮೊಬೈಲಿಗೆ ಅದಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಪ್ರಸಂಗ. ಏಳು ವರ್ಷದ ಹುಡುಗನನ್ನು ತಾಯಿ ಕರೆತಂದರು. ತಿಂಗಳಿಂದ ‘ಭೇದಿ’, ಚಡ್ಡಿಯಲ್ಲೇ ಆಗುತ್ತದೆ, ರಾತ್ರಿ ಹಾಸಿಗೆಯೂ ಒದ್ದೆ. ಬೇಕೆಂದೇ ಮಾಡುತ್ತಾನೆಂದು ಮನೆಯಲ್ಲಿ ಹೊಡೆತ ಬಿದ್ದಿತ್ತು. ಹೊಟ್ಟೆ ಮುಟ್ಟಿ ನೋಡಿದರೆ ಎಡಗಡೆ ಕಲ್ಲಿನಂತೆ ಗಟ್ಟಿ. ಅದು ಭೇದಿಯಲ್ಲ, ಮಲಬದ್ಧತೆ. ಕಟ್ಟಿನಿಂತ ಗಟ್ಟಿ ಸರಕಿನ ಪಕ್ಕದಿಂದ ತೆಳ್ಳಗಿನದು ಅವನಿಗೇ ಗೊತ್ತಾಗದೆ ಸೋರುತ್ತಿತ್ತು. ಆ ಗಟ್ಟಿ ಗಂಟು ಮೂತ್ರಕೋಶವನ್ನೂ ಒತ್ತುತ್ತಿದ್ದರಿಂದ ಹಾಸಿಗೆ ಒದ್ದೆ. ಶುರುವಾದದ್ದು ಯಾವತ್ತೋ ಒಂದು ದಿನ ನೋವಾದದ್ದರಿಂದ. ಆ ಹೆದರಿಕೆಗೆ ಕಾಲು ಹೆಣೆದು ತಡೆಯುತ್ತಾ ಬಂದಿದ್ದ. ಮೆತುಗೊಳಿಸುವ ಔಷಧ ಕೆಲವು ತಿಂಗಳು, ತಿಂಡಿಯಾದ ಮೇಲೆ ಕಾಲಿಗೆ ಮಣೆಯಿಟ್ಟು ಹತ್ತು ನಿಮಿಷ ಕೂರುವುದು, ಆದರೆ ಶಹಬ್ಬಾಸ್, ಆಗದಿದ್ದರೆ ಬೈಗಳಿಲ್ಲ. ಹಾಸಿಗೆಯೂ ಒಣಗಿತು. ತಾಯಿ ನನ್ನ ಮುಂದೆ ಅತ್ತದ್ದು ಕೊಟ್ಟ ಏಟುಗಳನ್ನು ನೆನೆದು.

ಹೆರಿಗೆಯಾದ ಹೆಂಗಸರು ಕೆಮ್ಮಿದಾಗ, ನಕ್ಕಾಗ ನಾಲ್ಕು ಹನಿ ಹೋಗುತ್ತದೆಂದು ಹೇಳುವುದೇ ಇಲ್ಲ. ಅತ್ತೆಗೂ ಹಾಗೇ ಇತ್ತು, ಇರಬೇಕಾದದ್ದೇ ಎಂದುಕೊಳ್ಳುತ್ತಾರೆ. ಎಷ್ಟೋ ಜನಕ್ಕೆ ಇರುತ್ತದೆ ನಿಜ, ಇರಲೇಬೇಕೆಂದಿಲ್ಲ. ಸೊಂಟದ ಗೂಡಿನ ತಳದಲ್ಲಿ ಜೋಲಿಯಂತೆ ಕಟ್ಟಿದ ಸ್ನಾಯುವೊಂದಿದೆ. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಅದಕ್ಕೊಂದು ವ್ಯಾಯಾಮ ಹೇಳಿಕೊಟ್ಟ. ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ತಡೆಯುತ್ತೇವಲ್ಲ, ಆ ಸ್ನಾಯುವನ್ನು ಬಿಗಿಹಿಡಿದು, ಉಸಿರು ಕಟ್ಟದೆ, ಹತ್ತು ಎಣಿಸಿ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಸೀನು ಬರುವ ಮುಂಚೆ ಒಮ್ಮೆ ಬಿಗಿಹಿಡಿದರೆ ಹನಿ ನಿಲ್ಲುತ್ತದೆ. ಈಗ ಇಲ್ಲಿ ಕೂತವರು ಮಾಡಿದರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ. ಎರಡನೆಯ ಸಾಲಿನಲ್ಲಿ ಕೆಲವರು ಶುರು ಮಾಡಿದಂತಿದೆ. ಹುಬ್ಬು ಗಂಟಿಕ್ಕುವ ಅಗತ್ಯವಿಲ್ಲ.

ವಯಸ್ಸಾದವರ ರಾತ್ರಿಗಳ ಬಗ್ಗೆ ಮೇಷ್ಟರ ಮಗಳು ನನಗೆ ಹೇಳಿದ್ದು ಬಹಳ. ರಾತ್ರಿ ನಾಲ್ಕು ಸಲ ಏಳುವುದೆಂದರೆ ನಾಲ್ಕು ಸಲ ಬೀಳುವ ಅವಕಾಶ. ಸಂಜೆಯ ಮೇಲೆ ಕಾಫಿ, ಟೀ ಬಿಡಿ. ಕಾಲು ಊದುವವರು ಮಧ್ಯಾಹ್ನ ಕಾಲು ಎತ್ತರಿಸಿ ಮಲಗಿದರೆ, ರಾತ್ರಿ ಇಳಿಯಬೇಕಾದ ನೀರು ಹಗಲೇ ಇಳಿಯುತ್ತದೆ. ನೀರಿಳಿಸುವ ಬಿಪಿ ಮಾತ್ರೆಯನ್ನು ಬೆಳಿಗ್ಗೆಗೆ ಹಾಕಿಕೊಡಲಾಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಮಂಚದಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ ಉರಿಯಲಿ. ಗಂಡಸರಿಗೆ ಧಾರೆ ಸಣ್ಣದಾಗಿ, ಶುರುವಾಗಲು ಕಾಯಬೇಕಾದರೆ ಪ್ರಾಸ್ಟೇಟ್ ಗ್ರಂಥಿಯ ಕಡೆ ನೋಡಿಸಬೇಕು. ಮೂತ್ರಕೋಶ ತುಂಬಿದ್ದೂ ಒಂದು ಹನಿ ಬಾರದಿದ್ದರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಬೇಕು.

ಇನ್ನು ರಕ್ತ. ಮೂತ್ರದಲ್ಲಿ ನೋವಿಲ್ಲದೆ ಒಂದೇ ಒಂದು ಸಲ ಕಂಡರೂ ತೋರಿಸಿ. ನೋವಿಲ್ಲದ್ದು ಹೆಚ್ಚು ಅನುಮಾನದ್ದು. ಮಲದಲ್ಲಿ ಕಂಡದ್ದನ್ನೆಲ್ಲ ಪೈಲ್ಸ್ ಎಂದು ನೀವೇ ತೀರ್ಮಾನಿಸಬೇಡಿ. ಟಾರಿನಂತೆ ಕಪ್ಪಗಾದರೆ, ನಲವತ್ತೈದು ಐವತ್ತು ದಾಟಿದ ಮೇಲೆ ಹೋಗುವ ರೀತಿಯೇ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಬೋರ್ಡು ಹಾಕಿಕೊಂಡು ಇಂಜೆಕ್ಷನ್ ಕೊಡುವವರ ಹತ್ತಿರ ಹೋಗದೆ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಿ.

ಇಲ್ಲಿಗೆ ಬಂದಾಗ ಮೊದಲು ನೋಡಿದ್ದು ಈ ಸಭಾಂಗಣದ ಹಿಂದಿರುವ ಶೌಚಾಲಯವನ್ನು. ಗಂಡಸರ ಕಡೆ ಎಲ್ಲ ಸರಿಯಿತ್ತು. ಹೆಂಗಸರ ಕಡೆ ಚಿಲಕ ಕೂರುತ್ತಿರಲಿಲ್ಲ. ಕಾರ್ಯದರ್ಶಿಗಳಿಗೆ ಹೇಳಿದೆ, ನಾನು ಮಾತು ಶುರುಮಾಡಿದಾಗ ಒಬ್ಬರು ಸ್ಕ್ರೂಡ್ರೈವರ್ ಹಿಡಿದು ಹಿಂದಕ್ಕೆ ಹೋದದ್ದನ್ನು ನೀವೂ ನೋಡಿದಿರಿ. ಆಗಲೇ ಸರಿಯಾಯಿತಂತೆ, ಚೀಟಿ ಬಂದಿದೆ. ಪ್ರಶ್ನೋತ್ತರಕ್ಕೆ ಮುಂಚೆ ಹತ್ತು ನಿಮಿಷ ವಿರಾಮ. ಎದ್ದು ಹಿಂದೆ ಎಡಕ್ಕೆ ತಿರುಗಿದರೆ ಸಿಗುತ್ತದೆ, ದೀಪದ ಸ್ವಿಚ್ಚು ಹೊರಗೋಡೆಯ ಮೇಲಿದೆ. ಕರೆ ಬಂದವರು ಮಾತ್ರ.